ಜೋಲಿ, ಜೋಗುಳ ಮತ್ತು ಹೊಸೂರು ಸೀಮೆಯ ಕನ್ನಡ

ಜೋಗುಳವನ್ನ ನಾವು ಜನಪದ ಸಾಹಿತ್ಯದ ಪಠ್ಯದಲ್ಲಿ ಗರತಿಯ ಹಾಡುಗಳ ಪಕ್ಕ ಇಟ್ಟು ಓದ್ತೀವಿ. ಅದು ಮೊದಲಿಗೆ ಮಗು ಮಲಗಿಸೋ ಸಾಧನ ಅನ್ನೋದು ಆ ಓದಿನಲ್ಲಿ ಹಿಂದೆ ಸರಿಯುತ್ತೆ. ಇವತ್ತು ನಾನು ಅಲ್ಲಿಂದಲೇ ಶುರು ಮಾಡ್ತೀನಿ.

ತಳಿ, ಡೆಂಕಣಿಕೋಟೆ, ಬಾಗಲೂರು ಸುತ್ತಿನ ಹಳ್ಳಿಮನೆಗಳಲ್ಲಿ ತೊಲೆಗೆ ಹಳೇ ಸೀರೆ ಕಟ್ಟಿದರೆ ಜೋಲಿ ಸಿದ್ಧ. ತಮಿಳರು ಇದನ್ನೇ ತೂಳಿ ಅಂತಾರೆ. ಭೌತಶಾಸ್ತ್ರದ ಲೆಕ್ಕದಲ್ಲಿ ಇದೊಂದು ಲೋಲಕ. ಕಟ್ಟಿದ ಜಾಗದಿಂದ ಒಂದೂವರೆ ಮೀಟರ್ ಇಳಿಬಿದ್ದಿದ್ದರೆ ಒಮ್ಮೆ ಹೋಗಿ ಬರೋಕೆ ಸುಮಾರು 2.5 ಸೆಕೆಂಡು ಬೇಕು. ಮಗು ಗುಂಡಗಿರಲಿ ಸಣಕಲಾಗಿರಲಿ, ಆ ಕಾಲ ಬದಲಾಗೋದಿಲ್ಲ. ಹಾಡೋರು ಈ ಓಲಾಟಕ್ಕೆ ತಮ್ಮ ಸಾಲನ್ನ ಹೊಂದಿಸ್ಕೋತಾರೆ. ಜೋಗುಳದಲ್ಲಿ ನುಡಿ ಚಿಕ್ಕದು, ಕೊನೆಯ ಸ್ವರ ಉದ್ದ, ‘ಜೋ ಜೋ’ ಮತ್ತೆ ಮತ್ತೆ ಬರುತ್ತೆ. ಇದಕ್ಕೆ ಛಂದಸ್ಸಿನಲ್ಲಿ ಕಾರಣ ಹುಡುಕೋ ಮೊದಲು ತೂಗೋ ಕೈಯನ್ನ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಮಗುವಿಗೆ ಮಾತು ಬೇಕೇ ಬೇಕಾ? ನಿದ್ದೆಯ ಮಟ್ಟಿಗೆ ಬೇಡ ಅಂತಲೇ ಹೇಳಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಶಿಶುಗಳಿಗೆ ಪರಿಚಯವಿಲ್ಲದ ಭಾಷೆಗಳ ಜೋಗುಳ ಕೇಳಿಸಿದರು. ಬೇರೆ ಹಾಡು ಕೇಳಿದಾಗಿಗಿಂತ ಜೋಗುಳ ಕೇಳಿದಾಗ ಶಿಶುಗಳ ಎದೆಬಡಿತ ಹೆಚ್ಚು ಇಳಿಯಿತು. 2021ರಲ್ಲಿ ಪ್ರಕಟವಾದ ಅಧ್ಯಯನ ಇದು. ಮೊಬೈಲಿನಲ್ಲಿ ಹಾಕೋ ಮಳೆ ಸದ್ದು, ಫ್ಯಾನ್ ಸದ್ದು ಕೂಡ ಕೆಲಸ ಮಾಡ್ತವೆ; ಹೆದ್ದಾರಿಯ ಹಾರನ್ನು, ಪಾತ್ರೆ ಬಿದ್ದ ಶಬ್ದ ಅದರೊಳಗೆ ಮುಚ್ಚಿಹೋಗ್ತವೆ. ಆದರೆ ಜೋರು ಮಾಡಬಾರದು, ಕಿವಿಯ ಹತ್ತಿರ ಇಡಬಾರದು. 2014ರಲ್ಲಿ ಶಿಶುಗಳ ನಿದ್ದೆಗೆಂದೇ ಮಾರುವ 14 ಸದ್ದಿನ ಯಂತ್ರಗಳನ್ನ ಪರೀಕ್ಷಿಸಿದಾಗ, ಪೂರ್ತಿ ವಾಲ್ಯೂಮಿನಲ್ಲಿ ಎಲ್ಲವೂ 50 ಡೆಸಿಬಲ್ ಮಿತಿಯನ್ನ ದಾಟಿದ್ದವು. ಅಜ್ಜಿಯ ದನಿ ಮಗುವಿನ ಕಣ್ಣು ಮುಚ್ಚಿದಂತೆ ತಾನೇ ತಗ್ಗುತ್ತೆ. ಯಂತ್ರಕ್ಕೆ ಅದು ಕಾಣೋದಿಲ್ಲ.

ನಿದ್ದೆಗೆ ಕನ್ನಡ ಬೇಡ ಅಂದಮೇಲೆ ನಮ್ಮ ವಿಭಾಗಕ್ಕೆ ಇದರಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. 1993ರ ಒಂದು ಪ್ರಯೋಗದಲ್ಲಿ ಹುಟ್ಟಿ ಎರಡೇ ದಿನವಾದ ಶಿಶುಗಳೂ ಅನ್ಯಭಾಷೆಗಿಂತ ತಾಯ ಭಾಷೆಯನ್ನ ಕೇಳೋಕೆ ಒಲವು ತೋರಿದವು. ಭಾಷೆ ಕಿವಿಗೆ ಬೀಳೋ ಕಾಲ ಅಷ್ಟು ಬೇಗ ಶುರುವಾಗುತ್ತೆ. ನಮ್ಮ ಸೀಮೆಯಲ್ಲಿ ಮುಂದಿನ ದಾರಿ ಕಿರಿದು. 2006ರ ತಮಿಳು ಕಲಿಕೆ ಕಾಯ್ದೆ 2006–07ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನ ಕಡ್ಡಾಯ ಮಾಡ್ತಾ ಬಂತು. ತಮಿಳು ಕಲಿಯೋದರ ಬಗ್ಗೆ ನನಗೆ ತಕರಾರಿಲ್ಲ, ಅದಿಲ್ಲದೆ ಇಲ್ಲಿ ಬದುಕೂ ಇಲ್ಲ. ಆದರೆ ಶಾಲೆ, ಬಸ್ಸು, ಕಾರ್ಖಾನೆ ಎಲ್ಲ ತಮಿಳಾದಾಗ ಕನ್ನಡಕ್ಕೆ ಉಳಿಯೋದು ಮನೆಯ ಒಳಗಿನ ಕೆಲವು ಗಂಟೆ, ಅದರಲ್ಲೂ ಮಲಗಿಸೋ ಹೊತ್ತು.

ಆ ಹೊತ್ತಿನಲ್ಲಿ ಮಗು ಕೇಳೋದು ಬರೀ ಲಾಲಿ ಅಲ್ಲ. ಸೋದರಮಾವ, ತವರು, ಬೆಳ್ಳಿ ಬಟ್ಟಲು, ಅತ್ತೆಮನೆಯ ಮೇಲಿನ ದೂರು, ಎಲ್ಲ ಅದರೊಳಗೆ ಇರುತ್ತೆ. ತಮಿಳಿನ ತಾಲಾಟ್ಟಿನಲ್ಲೂ ಮಾವ ಬರ್ತಾನೆ, ತೆಲುಗಿನ ಜೋಲಪಾಟ ‘ಜೋ ಜೋ’ ಅಂತ ನಮ್ಮ ಹಾಗೇ ಕರೆಯುತ್ತೆ. ನಮ್ಮ ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಶುರು ಮಾಡಿ, ನುಡಿ ಮರೆತಾಗ ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರ್ತಾರೆ. ಇದನ್ನ ‘ಶುದ್ಧ ಪಾಠ’ ಅಂತ ತಿದ್ದಿ ಬರ್ಕೊಂಡ್ರೆ ಹೊಸೂರು ಅದರಲ್ಲಿ ಉಳಿಯೋದಿಲ್ಲ.

ಹಾಗಾಗಿ ಸಂಗ್ರಹಕ್ಕೆ ಹೊರಡೋ ಗೆಳೆಯರಲ್ಲಿ ಒಂದು ಕೋರಿಕೆ. ಅಜ್ಜಿಯನ್ನ ಕುರ್ಚಿ ಮೇಲೆ ಕೂರಿಸಿ ಹಾಡಿಸಬೇಡಿ. ಜೋಲಿ ತೂಗ್ತಾ ಇರುವಾಗಲೇ ಧ್ವನಿಮುದ್ರಣ ಮಾಡಿ, ಹಗ್ಗದ ಕಿರುಗುಟ್ಟುವಿಕೆಯೂ ಬರಲಿ. ತೊಲೆಯಿಂದ ಜೋಲಿಯ ಉದ್ದವನ್ನೂ ಅಳೆದು ಬರ್ಕೊಳ್ಳಿ.