ಕಲೆಗಟ್ಟಿದ ಎನಾಮೆಲ್ ಮೇಲೆ ಹಲ್ಲಿನ ಕ್ಲಿಪ್

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಹತ್ತಿರವಿದ್ದರೂ ಅವುಗಳ ನೀರಿನ ಸ್ಥಿತಿ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣಕ್ಕೆ ಕಾವೇರಿ, ಪಾಂಡವಪುರಕ್ಕೆ ವಿಶ್ವೇಶ್ವರಯ್ಯ ನಾಲೆ, ಕೆ.ಆರ್. ಪೇಟೆಗೆ ಹೇಮಾವತಿ ಆಸರೆಯಾಗಿದ್ದರೆ, ನಾಗಮಂಗಲದ ಬೆದ್ದಲು ಸೀಮೆ ಹೆಚ್ಚಾಗಿ ಕೊಳವೆಬಾವಿಗಳನ್ನೇ ನಂಬಿದೆ. ನದಿ-ನಾಲೆಗಳಿಂದ ದೂರದ ಹಳ್ಳಿಗಳ ಪಾಡೂ ಅದೇ. ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಈ ಮಿತಿಯನ್ನು ದಾಟಿದ ಅಂತರ್ಜಲವುಳ್ಳ ಜಿಲ್ಲೆಗಳ ಸಾಲಿನಲ್ಲಿ ಮಂಡ್ಯವೂ ಇದೆ.

ಇಂತಹ ನೀರು ಹಲ್ಲಿಗೆ ಹಾನಿ ಮಾಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಆಗ ಫ್ಲೋರೈಡ್ ಮಿತಿ ಮೀರಿದರೆ ಹಲ್ಲಿನ ಹೊರಕವಚವಾದ ಎನಾಮೆಲ್ ಸರಿಯಾಗಿ ಗಟ್ಟಿಗೊಳ್ಳದೆ, ಹುಟ್ಟುವ ಹಲ್ಲಿನಲ್ಲಿ ಸುಣ್ಣದಂತಹ ಬಿಳಿ ಗೆರೆ, ಹಳದಿ ಅಥವಾ ಕಂದು ಕಲೆ, ತೀವ್ರವಾದಾಗ ಗುಳಿಗಳು ಕಾಣಿಸಿಕೊಳ್ಳುತ್ತವೆ. ಇದೇ ದಂತ ಫ್ಲೋರೋಸಿಸ್. ಇದರ ತೀವ್ರತೆಯನ್ನು ಅಳೆಯಲು ದಂತವೈದ್ಯರು ಡೀನ್ ಸೂಚ್ಯಂಕವನ್ನೂ, 1978ರಲ್ಲಿ ರೂಪುಗೊಂಡ ಥೈಲ್‌ಸ್ಟ್ರಪ್-ಫೆಯರ್‌ಸ್ಕೋವ್ ಸೂಚ್ಯಂಕವನ್ನೂ ಬಳಸುತ್ತಾರೆ.

ಹೀಗೆ ಕಲೆಗಟ್ಟಿದ ಹಲ್ಲುಗಳು ಓರೆಕೋರೆಯಾಗಿಯೂ ಇದ್ದು, ಅವುಗಳಿಗೆ ಕ್ಲಿಪ್ ಹಾಕಬೇಕಾದಾಗ ವಿಶೇಷ ತೊಡಕೊಂದು ಎದುರಾಗುತ್ತದೆ. ಕ್ಲಿಪ್ ಎಂದು ಜನ ಕರೆಯುವ ಸಾಧನದಲ್ಲಿ ಪ್ರತಿ ಹಲ್ಲಿಗೂ ಬ್ರ್ಯಾಕೆಟ್ ಎಂಬ ಪುಟ್ಟ ಹಿಡಿಕೆಯನ್ನು ಅಂಟಿಸಿ, ಅದರ ಸೀಳಿನಲ್ಲಿ ತಂತಿಯನ್ನು ಹಾಯಿಸಿ, ತಂತಿಯ ಬಲದಿಂದ ಹಲ್ಲನ್ನು ನಿಧಾನವಾಗಿ ಸರಿಸಲಾಗುತ್ತದೆ. ಈ ಅಂಟಿಸುವ ವಿದ್ಯೆಗೆ ತಳಹದಿಯಾದದ್ದು 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೋರ್ ಪ್ರಕಟಿಸಿದ ಸಂಶೋಧನೆ: ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿದರೆ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಮೂಡುತ್ತವೆ, ಅವುಗಳೊಳಗೆ ಇಳಿದ ರಾಳ (ಅಂಟಾಗಿ ಬಳಸುವ ರೆಸಿನ್) ಗಟ್ಟಿಯಾದಾಗ ಬೇರುಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಇಂದು ಸಾಮಾನ್ಯವಾಗಿ ಶೇ. 37ರ ಆಮ್ಲವನ್ನು 15ರಿಂದ 30 ಸೆಕೆಂಡು ಬಳಸಿ, ರಾಳವನ್ನು ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಬ್ರ್ಯಾಕೆಟ್ ನಿಲ್ಲಲು ಸುಮಾರು 6ರಿಂದ 8 ಮೆಗಾಪಾಸ್ಕಲ್‌ನಷ್ಟು ಹಿಡಿತ ಸಾಕೆಂದು 1975ರಲ್ಲಿ ಸಂಶೋಧಕ ರೆನಾಲ್ಡ್ಸ್ ಸೂಚಿಸಿದ ಪ್ರಮಾಣ ಇಂದಿಗೂ ಬಳಕೆಯಲ್ಲಿದೆ.

ಫ್ಲೋರೋಸಿಸ್ ಇರುವ ಹಲ್ಲಿನಲ್ಲಿ ಈ ಲೆಕ್ಕ ತಪ್ಪಬಹುದು. ಅದರ ಎನಾಮೆಲ್‌ನ ಹೊರಪದರ ಫ್ಲೋರೈಡ್ ಹೆಚ್ಚಾಗಿ ಸೇರಿ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಒಳಪದರವಾದರೋ ಖನಿಜ ಕಡಿಮೆಯಾಗಿ ಟೊಳ್ಳಾಗಿರುತ್ತದೆ. ಆದ್ದರಿಂದ ರಂಧ್ರಗಳು ಒಂದು ಕಡೆ ಮೂಡಿ ಮತ್ತೊಂದು ಕಡೆ ಮೂಡದೆ, ರಾಳದ ಹಿಡಿತ ಸಡಿಲವಾಗುತ್ತದೆ. ಲಘು ಫ್ಲೋರೋಸಿಸ್‌ನಲ್ಲಿ ವ್ಯತ್ಯಾಸ ಅಲ್ಪವಾದರೂ, ಮಧ್ಯಮ ಮತ್ತು ತೀವ್ರ ಹಂತಗಳಲ್ಲಿ ಬ್ರ್ಯಾಕೆಟ್ ಪದೇಪದೇ ಕಳಚಿ, ಚಿಕಿತ್ಸೆ ತಿಂಗಳುಗಟ್ಟಲೆ ಲಂಬಿಸಬಹುದು; ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಕುಟುಂಬಕ್ಕೆ ಇದು ಹಣದ ಜೊತೆಗೆ ದಿನಗೂಲಿಯ ನಷ್ಟವೂ ಹೌದು.

ಪರಿಹಾರಗಳು ಹಲವಿದ್ದರೂ ಎಲ್ಲಕ್ಕೂ ಅಳತೆ ಬೇಕು. ಆಮ್ಲವನ್ನು ಹೆಚ್ಚು ಹೊತ್ತು ಬಿಡುವುದು, ಅಲ್ಯುಮಿನಿಯಂ ಆಕ್ಸೈಡ್‌ನ ಸೂಕ್ಷ್ಮ ಕಣಗಳನ್ನು ಗಾಳಿಯ ಒತ್ತಡದಿಂದ ಹಾಯಿಸಿ ಮೇಲ್ಮೈಯನ್ನು ತರಿಗೊಳಿಸುವುದು, ಹೊರಪದರವನ್ನು ತೆಳುವಾಗಿ ಉಜ್ಜಿ ತೆಗೆಯುವುದು, ಹಿಡಿತ ಹೆಚ್ಚಿಸುವ ದ್ರಾವಣವನ್ನು ಮೊದಲು ಲೇಪಿಸುವುದು ಮುಖ್ಯ ವಿಧಾನಗಳು. ಇವುಗಳನ್ನು ಮಿತಿ ಮೀರಿ ಬಳಸಿದರೆ ಈಗಾಗಲೇ ದುರ್ಬಲವಾದ ಎನಾಮೆಲ್ ಇನ್ನಷ್ಟು ಸವೆಯುತ್ತದೆ. ಚಿಕಿತ್ಸೆ ಮುಗಿದು ಬ್ರ್ಯಾಕೆಟ್ ಬಿಡಿಸುವಾಗಲೂ ಎನಾಮೆಲ್ ಚಕ್ಕೆಯೇಳುವ ಅಪಾಯವಿದೆ.

ಈ ಕಾರಣದಿಂದ ಈ ತಾಲ್ಲೂಕುಗಳಲ್ಲಿ ವಕ್ರದಂತ ಚಿಕಿತ್ಸೆ ಮಗು ಬಾಲ್ಯದಲ್ಲಿ ಯಾವ ನೀರು ಕುಡಿಯಿತು ಎಂಬ ಪ್ರಶ್ನೆಯಿಂದಲೇ ಆರಂಭವಾಗಬೇಕು. ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದ ಮೇಲೂ, ಹದಿಹರೆಯದವರ ಹಲ್ಲು ತಿಳಿಸುವುದು ಹಿಂದಿನ ನೀರಿನ ಗುಣವನ್ನೇ. ಕಲೆಗಳ ತೀವ್ರತೆಯನ್ನು ಮೊದಲೇ ಗುರುತಿಸಿ, ಬ್ರ್ಯಾಕೆಟ್ ಕಳಚುವ ಸಾಧ್ಯತೆಯನ್ನು ಪೋಷಕರಿಗೆ ವಿವರಿಸಿದರೆ ಮುಂದಿನ ಅಸಮಾಧಾನ ತಪ್ಪುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಎಂಟು ವರ್ಷದೊಳಗಿನ ಮಕ್ಕಳ ಕುಡಿಯುವ ನೀರಿಗೂ ಅಡುಗೆಗೂ ಫ್ಲೋರೈಡ್ ಮಿತಿಯೊಳಗಿರುವ ನೀರನ್ನು ಒದಗಿಸುವುದು ಯಾವ ಆಮ್ಲ, ಯಾವ ರಾಳಕ್ಕಿಂತಲೂ ಮಿಗಿಲಾದ ದಂತಚಿಕಿತ್ಸೆ.