ಒಂದೇ ಪೆಟ್ಟಿಗೆ, ಎರಡು ವಿಳಾಸ: ಹೋಮ್ ಅಸಿಸ್ಟೆಂಟ್‌ಗೆ ಸ್ವಂತ ಐಪಿ ಕೊಡೋದು ಹೇಗೆ?

(ಪಾಡ್‌ಕಾಸ್ಟ್‌ನ ಬರಹ ರೂಪ)



ಮೇಲಿನ ಟ್ಯಾಂಕ್ ತುಂಬಿದ ತಕ್ಷಣ ಸಂಪಿನ ಮೋಟರ್ ತಾನಾಗಿ ಆಫ್ ಆಗಬೇಕು. ಕತ್ತಲಾಗುತ್ತಲೇ ಗೇಟಿನ ದೀಪ ಹತ್ತಿಕೊಳ್ಳಬೇಕು. ಇಂಥ ಕೆಲಸಗಳನ್ನು ಮನೆಯಲ್ಲೇ ಇರುವ ಒಂದು ಸಣ್ಣ ಕಂಪ್ಯೂಟರಿಗೆ ವಹಿಸುವವರು ಈಗ ಹೆಚ್ಚುತ್ತಿದ್ದಾರೆ. ಅದಕ್ಕೆ ಬಳಸುವ ತಂತ್ರಾಂಶಗಳಲ್ಲಿ ಹೆಸರುವಾಸಿಯಾದದ್ದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಕೌಟ್ಸೆನ್ ಶುರು ಮಾಡಿದ ಈ ಮುಕ್ತ ತಂತ್ರಾಂಶವನ್ನು 2024ರಿಂದ ಓಪನ್ ಹೋಮ್ ಫೌಂಡೇಶನ್ ನೋಡಿಕೊಳ್ಳುತ್ತಿದೆ.

ಇದನ್ನು ಅನೇಕರು ಡಾಕರ್ ಕಂಟೇನರ್ ಒಳಗೆ ಓಡಿಸ್ತಾರೆ. ಹಾಕೋದು ಸುಲಭ. ಆದರೆ ಆಮೇಲೆ ಒಂದು ತಕರಾರು ಶುರುವಾಗುತ್ತೆ: ಮನೆಯ ಟಿವಿ, ಬಲ್ಬು, ಸ್ಪೀಕರ್ ಯಾವುದೂ ಅದಕ್ಕೆ ಕಾಣಿಸೋದೇ ಇಲ್ಲ! ಕಾರಣ ಏನು, ಕಂಟೇನರಿಗೆ ಪ್ರತ್ಯೇಕ ಐಪಿ ವಿಳಾಸ ಕೊಟ್ಟರೆ ಸರಿಹೋಗುತ್ತಾ ಅನ್ನೋದು ಇವತ್ತಿನ ವಿಷಯ.

ಮೊದಲು ಕಾರಣ ನೋಡೋಣ. ನಮ್ಮ ಹಳೇ ವಠಾರಗಳನ್ನು ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಳಗೆ ಹತ್ತು ಮನೆ. ಕಾಗದ ಬಂದರೆ ‘ಕೇರಾಫ್ ಮನೆ ಮಾಲೀಕರು’ ಅಂತ ಬರಬೇಕು. ಡಾಕರ್‌ನ ಮಾಮೂಲಿ ವ್ಯವಸ್ಥೆ ಹೀಗೇ ಇದೆ. ಅದರ ಹೆಸರು ಬ್ರಿಡ್ಜ್ ನೆಟ್‌ವರ್ಕ್. ಕಂಟೇನರಿಗೆ ಒಳಗಿನ ಒಂದು ವಿಳಾಸ ಇರುತ್ತೆ, ಸಾಮಾನ್ಯವಾಗಿ 172.17 ಅಂತ ಶುರುವಾಗುವಂಥದ್ದು. ಹೊರಗಿನವರಿಗೆ ಗೊತ್ತಿರೋದು ಕಂಪ್ಯೂಟರಿನ ವಿಳಾಸ ಮಾತ್ರ.

ನಿಮ್ಮ ಟಿವಿ, ಬಲ್ಬು ತಾವಿದ್ದೇವೆ ಅಂತ ತಿಳಿಸೋದು ಕಾಗದ ಬರೆದು ಅಲ್ಲ, ಬೀದಿಯಲ್ಲಿ ಕೂಗಿ. ಸೊಪ್ಪು ಮಾರುವವರ ಕೂಗಿನ ಥರ. ಒಂದು ಬಗೆಯ ಕೂಗಿಗೆ ಎಂಡಿಎನ್‌ಎಸ್ ಅಂತಾರೆ, ಅದು 224.0.0.251 ಅನ್ನೋ ಸಮೂಹ ವಿಳಾಸಕ್ಕೆ ಹೋಗುತ್ತೆ. ಇನ್ನೊಂದು ಎಸ್‌ಎಸ್‌ಡಿಪಿ, ಅದರದು 239.255.255.250. ಈ ಕೂಗು ಬೀದಿಯಲ್ಲೇ ನಿಲ್ಲುತ್ತೆ, ವಠಾರದ ಹಿಂದಿನ ಮನೆಗೆ ತಲುಪೋದಿಲ್ಲ. ಹಾಗಾಗಿ ಹೋಮ್ ಅಸಿಸ್ಟೆಂಟ್ ಪಾಲಿಗೆ ಆ ಸಾಧನಗಳೇ ಇಲ್ಲ.

ಇದಕ್ಕೆ ಹೋಮ್ ಅಸಿಸ್ಟೆಂಟ್‌ನವರೇ ಹೇಳುವ ಪರಿಹಾರ ‘ಹೋಸ್ಟ್ ನೆಟ್‌ವರ್ಕ್’. ಅಂದರೆ ಕಂಟೇನರ್ ಮತ್ತು ಕಂಪ್ಯೂಟರ್ ಒಂದೇ ವಿಳಾಸ ಹಂಚಿಕೊಳ್ಳೋದು. ಸಾಮಾನ್ಯ ಮನೆಗೆ ಇದೇ ಸಾಕು, ಕೆಲಸ ಮಾಡ್ತಿದ್ದರೆ ಮುಟ್ಟೋದಕ್ಕೆ ಹೋಗಬೇಡಿ.

ಹಾಗಾದರೆ ಸ್ವಂತ ವಿಳಾಸ ಯಾವಾಗ ಬೇಕು? ಮೂರು ಸಂದರ್ಭ ಹೇಳ್ತೀನಿ. ಒಂದು, ಪೋರ್ಟ್ ಜಗಳ. ಹೋಮ್ ಅಸಿಸ್ಟೆಂಟ್ ಹ್ಯೂ ಬ್ರಿಡ್ಜ್‌ನಂತೆ ನಟಿಸುವ ಒಂದು ಸೌಲಭ್ಯ ಇದೆ, ಕೆಲವು ಎಕೋ ಸ್ಪೀಕರ್‌ಗಳು ಅದನ್ನು 80ನೇ ಪೋರ್ಟ್‌ನಲ್ಲೇ ಹುಡುಕುತ್ತವೆ. ಅದೇ ಕಂಪ್ಯೂಟರಿನ ಬೇರೊಂದು ವೆಬ್ ಪುಟ ಆ ಪೋರ್ಟ್ ಹಿಡಿದು ಕೂತಿದ್ದರೆ ಇಬ್ಬರಿಗೂ ಜಾಗ ಇಲ್ಲ. ಎರಡು, ರೂಟರಿನಲ್ಲಿ ಹೋಮ್ ಅಸಿಸ್ಟೆಂಟ್‌ಗೆ ಮಾತ್ರ ಅನ್ವಯಿಸುವ ನಿಯಮ ಬರೆಯಬೇಕಾದಾಗ. ಮೂರು, ನಾಳೆ ಈ ಕಂಪ್ಯೂಟರ್ ಕೆಟ್ಟು ಇನ್ನೊಂದಕ್ಕೆ ಸಾಗಿಸಿದಾಗ ವಿಳಾಸ ಅದೇ ಇರಬೇಕು ಅಂತಾದರೆ. ಫೋನಿನ ಆ್ಯಪ್‌ನಲ್ಲಾಗಲಿ, ಗೋಡೆಯ ಟ್ಯಾಬ್ಲೆಟ್‌ನಲ್ಲಾಗಲಿ ಏನೂ ಬದಲಿಸಬೇಕಿಲ್ಲ.

ಈ ಕೆಲಸಕ್ಕೆ ಡಾಕರ್‌ನಲ್ಲಿರುವ ಡ್ರೈವರ್ ಹೆಸರು ಮ್ಯಾಕ್‌ವಿಲ್ಯಾನ್. ವಠಾರದ ಒಳಮನೆಗೆ ಬೀದಿ ಕಡೆಗೇ ಒಂದು ಬಾಗಿಲು ಒಡೆದು, ಹೊಸ ಡೋರ್ ನಂಬರ್ ಹಾಕಿಸಿದ ಹಾಗೆ. ಕಂಟೇನರಿಗೆ ತನ್ನದೇ ಮ್ಯಾಕ್ ವಿಳಾಸ, ತನ್ನದೇ ಐಪಿ. ಬೀದಿಯ ಕೂಗು ನೇರವಾಗಿ ಕೇಳಿಸುತ್ತೆ.

ಮಾಡೋದು ಹೇಗೆ? ಮನೆಯ ರೂಟರ್ 192.168.1.1 ಅಂತ ಇಟ್ಟುಕೊಳ್ಳೋಣ. ಮೊದಲ ಕೆಲಸ ಡಾಕರ್‌ನಲ್ಲಲ್ಲ, ರೂಟರಿನಲ್ಲಿ. ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚೋದು ರೂಟರಿನ ಡಿಎಚ್‌ಸಿಪಿ. ಆದರೆ ಡಾಕರ್ ಅದನ್ನು ಕೇಳೋದೇ ಇಲ್ಲ, ತನ್ನ ಪಟ್ಟಿಯಿಂದ ತಾನೇ ಕೊಡುತ್ತೆ. ಡಾಕರ್ ಕೊಟ್ಟಿದ್ದು ರೂಟರಿಗೂ ಗೊತ್ತಾಗಲ್ಲ. ಹಾಗಾಗಿ ರೂಟರ್ ಹಂಚುವ ವ್ಯಾಪ್ತಿಯನ್ನು 191ರ ಒಳಗೆ ನಿಲ್ಲಿಸಿ. 192ರಿಂದ 223ರವರೆಗಿನ 32 ವಿಳಾಸ ಡಾಕರ್‌ಗೆ ಇರಲಿ. ಬರೆಯೋವಾಗ ಇದು 192.168.1.192/27.

ಈ ಹೆಜ್ಜೆ ಬಿಟ್ಟರೂ ಮೊದಲ ದಿನ ಎಲ್ಲ ಸರಿಯಾಗೇ ಇರುತ್ತೆ. ಎಡವಟ್ಟಾಗೋದು ಮುಂದೆ ಎಂದೋ ಕರೆಂಟ್ ಹೋಗಿ ಬಂದಾಗ. ರೂಟರ್ ಅದೇ ವಿಳಾಸವನ್ನು ಯಾರದೋ ಫೋನಿಗೆ ಕೊಟ್ಟುಬಿಟ್ಟರೆ, ಹೋಮ್ ಅಸಿಸ್ಟೆಂಟ್ ಒಮ್ಮೆ ಸಿಗುತ್ತೆ, ಒಮ್ಮೆ ಸಿಗಲ್ಲ. ಮೋಟರ್ ಆಫ್ ಮಾಡಬೇಕಾದ ಆ ನಿಮಿಷದಲ್ಲೇ ಸಿಗದಿದ್ದರೆ ಟ್ಯಾಂಕ್ ತುಂಬಿ ಹರಿಯುತ್ತೆ.

ಎರಡನೇ ಹೆಜ್ಜೆ, ಡಾಕರ್‌ನಲ್ಲಿ ಹೊಸ ನೆಟ್‌ವರ್ಕ್ ಸೃಷ್ಟಿಸೋದು. ಅದಕ್ಕೆ ಐದು ವಿಷಯ ತಿಳಿಸಬೇಕು: ಡ್ರೈವರ್ ಮ್ಯಾಕ್‌ವಿಲ್ಯಾನ್, ಸಬ್‌ನೆಟ್ 192.168.1.0/24, ಗೇಟ್‌ವೇ ನಿಮ್ಮ ರೂಟರ್, ಐಪಿ ರೇಂಜ್ ನಾವು ಕಾದಿರಿಸಿದ ಆ /27, ಮತ್ತು ಪೇರೆಂಟ್, ಅಂದರೆ ಕಂಪ್ಯೂಟರಿನ ಕೇಬಲ್ ಸಿಕ್ಕಿಸಿರುವ ಈಥರ್ನೆಟ್ ಕಾರ್ಡಿನ ಹೆಸರು. ಮೂರನೇ ಹೆಜ್ಜೆ, ಕಂಪೋಸ್ ಫೈಲ್‌ನಲ್ಲಿ ಹೋಸ್ಟ್ ನೆಟ್‌ವರ್ಕ್ ಸಾಲನ್ನು ತೆಗೆದು, ಈ ನೆಟ್‌ವರ್ಕ್ ಸೇರಿಸಿ, 192.168.1.200 ಅಂತ ಖಚಿತ ವಿಳಾಸ ಬರೆಯೋದು. ಸೆಟ್ಟಿಂಗ್ಸ್ ಇರುವ ಫೋಲ್ಡರ್ ಹಾಗೇ ಇರಲಿ, ಆದರೂ ಒಂದು ಬ್ಯಾಕಪ್ ತೆಗೆದುಕೊಂಡೇ ಶುರು ಮಾಡಿ. ಯುಎಸ್‌ಬಿ ಜಿಗ್‌ಬೀ ಡಾಂಗಲ್ ಇದ್ದರೆ ಅದಕ್ಕೂ ಈ ಬದಲಾವಣೆಗೂ ಸಂಬಂಧ ಇಲ್ಲ.

ಈಗ ಫೋನಿನಿಂದ 192.168.1.200, ಪೋರ್ಟ್ 8123 ತೆರೆದು ನೋಡಿ. ಫೋನಿನಿಂದಲೇ ನೋಡಿ ಅಂದದ್ದಕ್ಕೆ ಕಾರಣ ಇದೆ. ಕಂಟೇನರ್ ಓಡುತ್ತಿರುವ ಅದೇ ಕಂಪ್ಯೂಟರಿನಿಂದ ಪ್ರಯತ್ನಿಸಿದರೆ ಅದು ತೆರೆಯೋದಿಲ್ಲ. ಕೆಟ್ಟಿದೆ ಅಂತಲ್ಲ, ಲಿನಕ್ಸ್‌ನಲ್ಲಿ ಮ್ಯಾಕ್‌ವಿಲ್ಯಾನ್ ಇರೋದೇ ಹಾಗೆ. ಇಬ್ಬರಿಗೂ ಬೀದಿಗೆ ಬಾಗಿಲಿದೆ, ನಡುವೆ ಬಾಗಿಲಿಲ್ಲ.

ಅನೇಕರು ಮುಗ್ಗರಿಸೋದು ಇಲ್ಲೇ. ಸೆನ್ಸರ್‌ಗಳ ಸಂದೇಶ ಸಾಗಿಸುವ ಮಾಸ್ಕಿಟೊ ಬ್ರೋಕರ್ ಅದೇ ಕಂಪ್ಯೂಟರಿನಲ್ಲಿ 1883ನೇ ಪೋರ್ಟ್‌ನಲ್ಲಿ ಓಡುತ್ತಿದ್ದರೆ, ಹೋಮ್ ಅಸಿಸ್ಟೆಂಟ್‌ಗೆ ಅದರ ಸಂಪರ್ಕ ತಪ್ಪುತ್ತೆ. ಟಿವಿ ಸಿಕ್ಕಿತು, ಟ್ಯಾಂಕಿನ ಸೆನ್ಸರ್ ಹೋಯ್ತು! ಪರಿಹಾರ ಎರಡು. ಬ್ರೋಕರ್ ಕೂಡ ಕಂಟೇನರಿನಲ್ಲಿದ್ದರೆ, ಅದಕ್ಕೂ ಹೋಮ್ ಅಸಿಸ್ಟೆಂಟ್‌ಗೂ ಸೇರಿ ಒಂದು ಒಳಗಿನ ಬ್ರಿಡ್ಜ್ ನೆಟ್‌ವರ್ಕ್ ಹೆಚ್ಚುವರಿಯಾಗಿ ಕೊಡಿ. ಹೆಸರು ಹಿಡಿದೇ ಮಾತಾಡಿಕೊಳ್ಳುತ್ತವೆ. ಇಲ್ಲವಾದರೆ ಕಂಪ್ಯೂಟರಿಗೇ ಇನ್ನೊಂದು ಮ್ಯಾಕ್‌ವಿಲ್ಯಾನ್ ಇಂಟರ್‌ಫೇಸ್ ಮಾಡಿ, ಡಾಕರ್‌ಗೆ ಬಿಟ್ಟ ವಿಳಾಸಗಳ ದಾರಿಯನ್ನು ಅದರ ಮೂಲಕ ತಿರುಗಿಸಿ. ಕೈಯಲ್ಲಿ ಟೈಪ್ ಮಾಡಿದ ಆ ಕಮಾಂಡ್‌ಗಳು ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಅಳಿಸಿ ಹೋಗುತ್ತವೆ, ಬೂಟ್ ಆಗುವಾಗ ಓಡುವ ಹಾಗೆ ಬರೆದಿಡಬೇಕು.

ಇನ್ನೆರಡು ಎಚ್ಚರಿಕೆ. ಕಂಪ್ಯೂಟರ್ ವೈಫೈನಲ್ಲಿದ್ದರೆ ಮ್ಯಾಕ್‌ವಿಲ್ಯಾನ್ ಸಾಮಾನ್ಯವಾಗಿ ನಡೆಯಲ್ಲ. ತನ್ನಲ್ಲಿ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸವನ್ನು ಬಿಟ್ಟು ಬೇರೆಯದನ್ನು ವೈಫೈ ರೂಟರ್ ಒಪ್ಪಲ್ಲ. ಕೇಬಲ್ ಎಳೆಯೋದೇ ಒಳ್ಳೆಯದು. ಎರಡನೆಯದು ಸುರಕ್ಷತೆ. ಸ್ವಂತ ವಿಳಾಸ ಬಂದ ಮೇಲೆ ಕಂಪೋಸ್ ಫೈಲ್‌ನ ಪೋರ್ಟ್ ಪಟ್ಟಿಗೆ ಬೆಲೆಯಿಲ್ಲ, ಕಂಪ್ಯೂಟರಿನ ಫೈರ್‌ವಾಲ್ ಕೂಡ ನಡುವೆ ಬರೋದಿಲ್ಲ. ಕಂಟೇನರ್ ತೆರೆದ ಪ್ರತಿ ಪೋರ್ಟ್ ಮನೆಯ ನೆಟ್‌ವರ್ಕಿಗೆಲ್ಲ ತೆರೆದಂತೆ. ಅದಕ್ಕೇ ಪಾಸ್‌ವರ್ಡ್ ಗಟ್ಟಿ ಇರಲಿ, ಅತಿಥಿಗಳಿಗೆ ಬೇರೆ ವೈಫೈ ಇರಲಿ. ಹೊರಗಿನಿಂದ ನೋಡಬೇಕು ಅಂತ ರೂಟರಿನಲ್ಲಿ 8123ನ್ನು ಇಂಟರ್‌ನೆಟ್‌ಗೆ ತೆರೆಯೋದು ಬೇಡ, ವಿಪಿಎನ್ ಬಳಸಿ.

ಕೊನೆಗೆ ಒಂದು ಪರೀಕ್ಷೆ. ಕಂಟೇನರ್ ತಾನಾಗಿ ಮರಳಿ ಶುರುವಾಗುವ ಹಾಗೆ ರೀಸ್ಟಾರ್ಟ್ ಸೆಟ್ಟಿಂಗ್ ಇದೆಯಾ ನೋಡಿ. ಆಮೇಲೆ ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ರೂಟರನ್ನೂ ಆಫ್ ಮಾಡಿ, ಐದು ನಿಮಿಷ ಬಿಟ್ಟು ಎರಡನ್ನೂ ಒಟ್ಟಿಗೆ ಆನ್ ಮಾಡಿ. ಏನನ್ನೂ ಮುಟ್ಟದೆ ಎಲ್ಲ ಮರಳಿ ಬಂತಾ? ಟ್ಯಾಂಕಿನ ಸೆನ್ಸರ್ ಓದುತ್ತಿದೆಯಾ? ಹೌದು ಅಂದರೆ ಮಾತ್ರ ಕೆಲಸ ಮುಗಿದಂತೆ. ಅಷ್ಟಾದರೂ ಮೋಟರಿಗೆ ಕೈಯಿಂದ ಆಫ್ ಮಾಡುವ ಒಂದು ಸ್ವಿಚ್ ಮತ್ತು ಟ್ಯಾಂಕಿಗೆ ಒಂದು ಫ್ಲೋಟ್ ಸ್ವಿಚ್ ಇರಲೇಬೇಕು. ನೆಟ್‌ವರ್ಕ್ ಎಷ್ಟೇ ಚೆನ್ನಾಗಿದ್ದರೂ ನೀರಿಗೆ ಐಪಿ ವಿಳಾಸ ಗೊತ್ತಿಲ್ಲ ನೋಡಿ.