ಕಿಸೆಯಲ್ಲೊಂದು ಮೀಟುಗೋಲು

ಬಣ್ಣದ ಡಬ್ಬಿಯ ಮುಚ್ಚಳ ಬಿಗಿದು ಕುಳಿತಾಗ, ಕೈಗೆ ಸಿಕ್ಕ ಚಾಕುವಿನ ತುದಿಯನ್ನು ಅದರಡಿಗೆ ತೂರಿಸಿ ಮೀಟದ ಗೃಹಸ್ಥರು ನಮ್ಮಲ್ಲಿ ವಿರಳ. ಕಳೆದ ದೀಪಾವಳಿಯಲ್ಲಿ ನಾನೂ ಆ ಸಾಹಸಕ್ಕಿಳಿದೆ. ಟಣ್ಣೆಂದು ಸದ್ದಾಯಿತು. ಮುಚ್ಚಳವೇನೋ ಅಲುಗಲಿಲ್ಲ, ದಿವಂಗತ ತಂದೆಯವರು ಬಹುಕಾಲ ಬಳಸಿ ನನಗೆ ಬಿಟ್ಟುಹೋಗಿದ್ದ ಚಾಕುವಿನ ತುದಿ ಮಾತ್ರ ಮುರಿದು ನೆಲಕ್ಕುರುಳಿತು.

ಅಪರಾಧಿಯಂತೆ ಗಂಗಾವತಿಯ ವೃದ್ಧ ಕಮ್ಮಾರರೊಬ್ಬರ ಕುಲುಮೆಗೆ ಹೋದೆ. ಅವರು ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ಚಾಕು ಕೊಯ್ಯಾಕ ಐತ್ರೀ ಮಾಸ್ತರ್ರ, ಮೀಟಾಕಲ್ಲ. ಮೀಟಾಕ ಬ್ಯಾರೆ ಹದ ಬೇಕು" ಎಂದರು. ಅಂದು ಅವರು ಮಾಡಿಕೊಟ್ಟ ಪುಟ್ಟ ಮೀಟುಗೋಲು ಇಂದು ನನ್ನ ಕಿಸೆಯ ನಿತ್ಯ ಸಂಗಾತಿಯಾಗಿದೆ.

ಪಾಶ್ಚಾತ್ಯ ದೇಶಗಳಲ್ಲಿ ಇಂಥ ಉಪಕರಣಗಳನ್ನು ಟೈಟಾನಿಯಂ ಲೋಹದಿಂದಲೂ ಮಾಡಿ ಮಾರುವುದುಂಟು. ನನ್ನದು ಹಳೆಯ ಲಾರಿಯ ಕಮಾನುಪಟ್ಟಿಯ ತುಂಡಿನಿಂದಾದುದು. ಅದನ್ನು ಕಾಸಿ, ಅಡಿಗಲ್ಲಿನ ಮೇಲೆ ಬಡಿದು 4 ಇಂಚು ಉದ್ದ, ಅರ್ಧ ಇಂಚು ಅಗಲಕ್ಕೆ ತಂದ ಮೇಲೆ ಕಮ್ಮಾರರು ಕೇಳಿದ ಪ್ರಶ್ನೆ ಒಂದೇ: "ಇದರಾಗ ಏನೇನು ಮೀಟ್ತೀರಿ?" ಬಣ್ಣದ ಡಬ್ಬಿ, ಮರದ ಪೆಟ್ಟಿಗೆಯ ಮೊಳೆ, ಉತ್ತರಪತ್ರಿಕೆಗಳಿಗೆ ಚುಚ್ಚಿದ ಪಿನ್ನು, ಎಂದು ನಾನು ಎಣಿಸಿದೆ. ಉಪಕರಣದ ರೂಪ ನಿರ್ಣಯವಾದದ್ದು ಆ ಉತ್ತರದಿಂದಲೇ.

ಪಿನ್ನಿಗಾಗಿ ತುದಿಯನ್ನು ತೆಳುವಾಗಿಸಿದರು, ಆದರೆ ಹರಿತಗೊಳಿಸಲಿಲ್ಲ. ಮೊಳೆಗಾಗಿ ತುದಿಯಲ್ಲಿ ಒಂದು ಸೀಳು ಬಿಟ್ಟು, ಅದರ ಮೂಲೆಯನ್ನು ಅರದಿಂದ ದುಂಡಾಗಿಸಿದರು. ಚೂಪಾದ ಮೂಲೆಯಿಂದಲೇ ಬಿರುಕು ಹುಟ್ಟುವುದಂತೆ. ತುದಿಯಿಂದ ಅರ್ಧ ಇಂಚಿಗೆ ತುಸು ಬಾಗಿಸಿದರು. ಈ ಬಾಗೇ ಆಧಾರಬಿಂದು. ಅಲ್ಲಿಂದ ತುದಿಗೆ ಅರ್ಧ ಇಂಚು, ಹಿಡಿಯ ಕೊನೆಗೆ ಮೂರೂವರೆ ಇಂಚು. ಎಂದರೆ ಕೈಬಲ 7 ಪಟ್ಟಾಗುತ್ತದೆ. ಹಿಡಿಯ ಕೊನೆಯಲ್ಲಿ 5 ಕಿಲೋ ಭಾರದಷ್ಟು ಒತ್ತಿದರೆ ತುದಿಯಲ್ಲಿ ಸುಮಾರು 35 ಕಿಲೋ ಎದ್ದು ನಿಲ್ಲುತ್ತದೆ. ಹೆಚ್ಚಿನ ಶ್ರಮ ಬೀಳುವುದು ಬಾಗಿನ ಬಳಿಯಾದುದರಿಂದ, ದಾರ ಪೋಣಿಸುವ ತೂತನ್ನು ದೂರದ ಕೊನೆಯಲ್ಲಿ ಕೊರೆದರು. ಹಿಂದೆ ಹಳ್ಳಿಗರು ಮುಳ್ಳು ಕೀಳುವ ಚಿಮಟಿಗೆಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದಂತೆ, ಇದು ನನ್ನ ಬೀಗದ ಕೈಗಳ ಜೊತೆ ಸೇರಿಕೊಂಡಿದೆ. ಕಿಸೆ ಹರಿಯದಂತೆ ಅಂಚುಗಳನ್ನೆಲ್ಲ ನುಣುಪಾಗಿಸಿದ್ದಾರೆ. ಹಿಡಿಗೆ ಹತ್ತಿಯ ಹುರಿಯನ್ನು ನಾನೇ ಸುತ್ತಿಕೊಂಡಿದ್ದೇನೆ.

ಇನ್ನುಳಿದುದು ಹದ. ಕೆಂಪಗೆ ಕಾದ ಉಕ್ಕನ್ನು ಎಣ್ಣೆಯಲ್ಲಿ ಥಟ್ಟನೆ ಅದ್ದಿದರೆ ಅದು ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆಯೇ ಒಡೆಯಲೂಬಹುದು. ಆದುದರಿಂದ ಉಜ್ಜಿ ಬೆಳಗಿ, ಮತ್ತೊಮ್ಮೆ ಮೆಲ್ಲನೆ ಕಾಸಬೇಕು. ಆಗ ಅದರ ಮೈಮೇಲೆ ಬಣ್ಣಗಳು ಒಂದರ ಹಿಂದೊಂದು ಹರಿಯುತ್ತವೆ: ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಮೂಡುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ನೀಲಿ ಸುಮಾರು 300ರಲ್ಲಿ. ಹಳದಿಯಲ್ಲಿ ನಿಲ್ಲಿಸಿದ ಉಕ್ಕಿನಲ್ಲಿ ಹರಿತ ನಿಲ್ಲುತ್ತದೆ, ಬಾಗುವ ಗುಣ ಕಡಿಮೆ. ನೀಲಿಯವರೆಗೆ ಬಂದದ್ದು ಹರಿತವನ್ನು ಬಿಟ್ಟುಕೊಟ್ಟು, ಬಾಗಿ ಮತ್ತೆ ನೆಟ್ಟಗಾಗುವ ತಾಳ್ಮೆಯನ್ನು ಪಡೆಯುತ್ತದೆ. ಚಾಕುವಿಗೆ ಮೊದಲನೆಯದು ಬೇಕು, ಮೀಟುಗೋಲಿಗೆ ಎರಡನೆಯದು. ಗಡಸುತನವೇ ಬಲವೆಂದು ನಂಬಿದ್ದ ನನಗೆ ಇದು ಹೊಸ ಪಾಠ.

ಮೀಟುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಬೆಟ್ಟವನ್ನೇರಿದರೆ, ಕ್ರಿಸ್ತಪೂರ್ವ 800ರಿಂದ 200ರ ನಡುವಿನವೆಂದು ವಿದ್ವಾಂಸರು ಗುರುತಿಸುವ ನೂರಾರು ಶಿಲಾಸಮಾಧಿಗಳು ಕಾಣುತ್ತವೆ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಆಳೆತ್ತರದ ಕಲ್ಲುಚಪ್ಪಡಿಗಳನ್ನು ಬಂಡೆಯಿಂದ ಎಬ್ಬಿಸಿ, ಸರಿಸಿ, ನಿಲ್ಲಿಸಲು ಸನ್ನೆಗೋಲಿನಂಥ ಉಪಾಯವಿಲ್ಲದೆ ಸಾಧ್ಯವಾಗಿರಲಾರದು. ಗ್ರೀಕ್ ವಿದ್ವಾಂಸ ಆರ್ಕಿಮಿಡೀಸನು ಸನ್ನೆಯ ನಿಯಮವನ್ನು ಬರೆದಿಟ್ಟದ್ದು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ. ಅದಕ್ಕೆ ಮೊದಲೇ ಈ ಬೆಟ್ಟದ ಜನರ ಕೈಗಳು ಅದನ್ನು ಅರಿತಿದ್ದಿರಬೇಕು.

ಬಳಸುವವರಿಗೆ ಒಂದು ಎಚ್ಚರಿಕೆಯ ಮಾತು: ತುದಿ ಜಾರಿದರೆ ಸಾಗುವ ದಿಕ್ಕಿನಲ್ಲಿ ಇನ್ನೊಂದು ಕೈ ಇರಕೂಡದು. ಬಲವನ್ನು ಒಮ್ಮೆಲೇ ಹಾಕದೆ, ಮುಚ್ಚಳದ ಸುತ್ತ ತುಸುತುಸುವೇ ಮೀಟುತ್ತ ಬರಬೇಕು.

ತಂದೆಯವರ ಚಾಕುವನ್ನೂ ಕಮ್ಮಾರರು ಅಂದೇ ಸರಿಪಡಿಸಿಕೊಟ್ಟರು. ಸಾಣೆಯ ಬಿಸಿಗೆ ಹದ ಹೋದೀತೆಂದು ಮತ್ತೆ ಮತ್ತೆ ನೀರಿಗದ್ದುತ್ತ ಹೊಸ ತುದಿ ತೆಗೆದರು. ಅದೀಗ ಅರ್ಧ ಇಂಚು ಗಿಡ್ಡವಾಗಿದೆ. ಹಣ್ಣು ಕೊಯ್ಯುತ್ತದೆ, ಬೇರೆ ಕೆಲಸವನ್ನು ನಾನು ಅದಕ್ಕೆ ಹೇಳುವುದಿಲ್ಲ.